ಖಡಕಿಯ ಕೆಸರು: ಪುಣೆಯಲ್ಲಿ ಒಂದು ಹಳೆಯ ಯುದ್ಧವನ್ನು ನೋಡುವ ಬಗೆ

ಊರಿನಿಂದ ನೆಂಟರು ಬಂದರೆ ಪುಣೆಯವರು ಶನಿವಾರವಾಡೆ ತೋರಿಸುತ್ತಾರೆ, ದಗಡೂಶೇಟ್ ಗಣಪತಿಗೆ ಕೈ ಮುಗಿಸುತ್ತಾರೆ, ಬಾಕರವಡಿ ಕಟ್ಟಿಸಿ ರೈಲು ಹತ್ತಿಸುತ್ತಾರೆ. ನಾನು ಯುದ್ಧ ತೋರಿಸುತ್ತೇನೆ. ಗದಗದ ಕಡೆಯಿಂದ ಬಂದು ದಾಪೋಡಿಯಲ್ಲಿ ನೆಲೆಸಿ ಮೂವತ್ತೇಳು ವರ್ಷವಾಯಿತು. ದುಡಿದದ್ದೆಲ್ಲ ಮೋಜಣಿ ಕೆಲಸದಲ್ಲಿ. ನಿವೃತ್ತಿಯಾದರೂ ನೆಲ ಕಂಡರೆ ಕಣ್ಣು ತಾನಾಗಿಯೇ ಇಳಿಜಾರು ಹುಡುಕುತ್ತದೆ. ‘ಬಂದವರನ್ನು ಬಿಸಿಲಿನಲ್ಲಿ ಹೊಲ ಅಳೆಯಲು ಎಳೆದುಕೊಂಡು ಹೋಗುತ್ತೀರಿ’ ಎಂದು ಮನೆಯವಳ ದೂರು. ದೂರು ಸುಳ್ಳಲ್ಲ. ಆದರೆ ಬ್ರಿಟಿಷರ ಯುದ್ಧಗಳ ಚರಿತ್ರೆ ಅರ್ಥವಾಗಬೇಕಾದರೆ ದೊರೆಗಳ ಹೆಸರು, ಇಸವಿ ಉರು ಹೊಡೆಯುವುದಕ್ಕಿಂತ ಮೊದಲು ನೆಲ ನೋಡಬೇಕು, ಆಮೇಲೆ ಕಲ್ಲು ಓದಬೇಕು ಎಂಬುದು ನನ್ನ ಹಟ. ಈ ಹಟ ನಿಮಗೂ ಹಿಡಿಸಿದರೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ನವೆಂಬರ್ ಆದರೆ ಉತ್ತಮ. ಕಾರಣ ಮುಂದೆ ತಿಳಿಯುತ್ತದೆ.

ಕೆಲಸ ಶನಿವಾರ ರಾತ್ರಿ ಊಟದ ನಂತರ ಮನೆಯ ನೆಲದ ಮೇಲೆಯೇ ಶುರುವಾಗಬೇಕು. ಒಂದು ಹಿಡಿ ತೊಗರಿಬೇಳೆ, ಒಂದು ಬಟ್ಟಲು ಜೋಳ ತೆಗೆದುಕೊಳ್ಳಿ. ಒಂದು ಕಾಳಿಗೆ ನೂರು ಸಿಪಾಯಿ ಎಂದು ಲೆಕ್ಕ. 1817ರ ನವೆಂಬರ್ 5ರಂದು ಖಡಕಿಯಲ್ಲಿ ಕರ್ನಲ್ ಬರ್ ಎಂಬುವವನ ಕೈಕೆಳಗೆ ಇದ್ದವರು ಸುಮಾರು 2,800 ಜನ. ಹಾಗಾದರೆ ಇಪ್ಪತ್ತೆಂಟು ಬೇಳೆ. ಎದುರಿಗೆ ಎರಡನೆಯ ಬಾಜೀರಾಯ ಪೇಶ್ವೆಯ ಸೈನ್ಯ. ಅದರಲ್ಲಿ ಕುದುರೆ ಸವಾರರೇ ಹದಿನೆಂಟು ಸಾವಿರದಷ್ಟು, ಅದರ ಜೊತೆಗೆ ಎಂಟು ಸಾವಿರದಷ್ಟು ಕಾಲಾಳು. ಜೋಳ ಎಣಿಸುತ್ತ ಹೋಗಿ. ನೂರು ದಾಟುವ ಹೊತ್ತಿಗೆ ಮಕ್ಕಳು ಎಣಿಸುವುದನ್ನು ಬಿಟ್ಟು ಸುಮ್ಮನೆ ನೋಡತೊಡಗುತ್ತಾರೆ. ನೋಡಲಿ, ಆ ನೋಟಕ್ಕಾಗಿಯೇ ಈ ಆಟ.

ಬೇಳೆ ಜೋಡಿಸುವಾಗ ಎಂಟನ್ನು ಪಕ್ಕಕ್ಕೆ ಇಡಿ. ಬಿಳಿಯರು ಅಷ್ಟೇ, ಸುಮಾರು 800. ಮಿಕ್ಕವರೆಲ್ಲ ದೇಶೀ ಸಿಪಾಯಿಗಳು. ಬ್ರಿಟಿಷ್ ಸೈನ್ಯ ಎಂದ ಕೂಡಲೇ ಸಾಲಾಗಿ ಕೆಂಪು ಮುಖಗಳನ್ನು ಕಲ್ಪಿಸಿಕೊಳ್ಳುವ ಚಾಳಿ ಇಲ್ಲಿಗೇ ಬಿಡಬೇಕು. ಪೇಶ್ವೆಯ ಕವಾಯತು ಕಲಿತ ಪಡೆಗೆ ನಾಯಕನಾಗಿದ್ದವನ ಹೆಸರು ದ ಪಿಂಟೋ, ಅದು ಪೋರ್ಚುಗೀಸ್ ಹೆಸರು. ಯಾರು ಯಾರ ಕಡೆ ಎಂಬುದು ಆ ಕಾಲದಲ್ಲಿ ನಾವು ತಿಳಿದಷ್ಟು ಸುಲಭವಾಗಿ ಇರಲಿಲ್ಲ.

ಇನ್ನು ಬಂದೂಕು. ಇದನ್ನು ಕೈಯಿಂದ ಮಾಡಿಯೇ ನೋಡಬೇಕು. ಕಳೆದ ವರ್ಷ ಹುಬ್ಬಳ್ಳಿಯಿಂದ ಬಂದಿದ್ದ ತಂಗಿಯ ಮೊಮ್ಮಗನ ಕೈಗೆ ಉದ್ದ ಕೊಡೆ ಕೊಟ್ಟೆ, ಸಲಾಕೆಯ ಬದಲಿಗೆ ಲಟ್ಟಣಿಗೆ. ನಾನು ಗಡಿಯಾರ ಹಿಡಿದೆ. ಕಾಗದದ ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದನ್ನು ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಬೇಕು. ಬಂದೂಕನ್ನು ನೆಟ್ಟಗೆ ನಿಲ್ಲಿಸಿ ಉಳಿದ ಮದ್ದನ್ನು ನಳಿಗೆಯೊಳಗೆ ಸುರಿಯಬೇಕು, ಹಿಂದೆಯೇ ಗುಂಡು ಮತ್ತು ಕಾಗದ. ಸಲಾಕೆ ಹಿರಿದು ಜಡಿಯಬೇಕು, ಸಲಾಕೆಯನ್ನು ಮತ್ತೆ ಅದರ ಜಾಗದಲ್ಲಿ ಇಡಬೇಕು. ಎತ್ತಬೇಕು, ಹಾರಿಸಬೇಕು. ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಇದನ್ನು ಮಾಡುತ್ತಿದ್ದ, ಅಂದರೆ ಒಂದು ಗುಂಡಿಗೆ ಇಪ್ಪತ್ತು ಸೆಕೆಂಡು. ನಮ್ಮ ಹುಡುಗನಿಗೆ ಐವತ್ತು ಹಿಡಿಯಿತು, ಲಟ್ಟಣಿಗೆ ಸೋಫಾದ ಕೆಳಗೆ ಉರುಳಿತು. (ಹಲ್ಲಿನಿಂದ ಕಚ್ಚುವ ಈ ಕೆಲಸಕ್ಕೇ 1857ರಲ್ಲಿ ಹೊಸ ಬಂದೂಕಿನ ತೋಟಾಕ್ಕೆ ಸವರಿದ ಕೊಬ್ಬಿನ ಸುದ್ದಿ ಸೇರಿ ಬೆಂಕಿ ಹತ್ತಿದ್ದು.)

ಆಮೇಲೆ ನಾನು ಹುಡುಗನಿಗೆ ಒಂದು ಲೆಕ್ಕ ಕೊಟ್ಟೆ. ಆ ಬಂದೂಕಿನಿಂದ ಗುರಿ ಸಿಗುವ ಭರವಸೆ ನೂರು ಗಜದ ಒಳಗೆ ಮಾತ್ರ. ಓಡುವ ಕುದುರೆ ಸೆಕೆಂಡಿಗೆ ಎಂಟು ಮೀಟರ್ ಹೋಗುತ್ತದೆ ಎಂದಿಟ್ಟುಕೋ. ನೂರು ಗಜ ದಾಟಲು ಎಷ್ಟು ಹೊತ್ತು? ಹುಡುಗ ಬೆರಳು ಮಡಿಸಿ, ‘ಹನ್ನೊಂದು ಹನ್ನೆರಡು ಸೆಕೆಂಡು ಅಜ್ಜಾ’ ಎಂದ. ಒಂದು ಕ್ಷಣ ಬಿಟ್ಟು, ‘ಹಾಗಾದರೆ ಎರಡನೆಯ ಗುಂಡು ತುಂಬುವ ಮೊದಲೇ ಕುದುರೆ ಮೈಮೇಲೆ ಬಂತಲ್ಲ!’ ಎಂದ. ಅಷ್ಟೇ. ಖಡಕಿಯಲ್ಲಿ ಬರ್ ತನ್ನವರಿಗೆ ಗುಂಡು ಹಾರಿಸದೆ ತಡೆದುಕೊಳ್ಳಿ ಎಂದು ಏಕೆ ಹೇಳಿದ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಇರುವುದು ಒಂದೇ ಗುಂಡು, ಅದನ್ನು ದೂರದಲ್ಲಿ ಕಳೆದುಕೊಂಡವನು ಕೆಟ್ಟ.

ಬೆಳಿಗ್ಗೆ ಏಳಕ್ಕೆ ಪರ್ವತಿ ಹತ್ತಿ. ಮೆಟ್ಟಿಲು 103, ಮಂಡಿನೋವಿನವರೂ ನಿಂತು ನಿಂತು ಹತ್ತಬಹುದು. ದೇವರ ದರ್ಶನ ಮುಗಿಸಿ ಬಾಜೀರಾಯ ನಿಂತು ಖಡಕಿಯ ಸೋಲು ನೋಡಿದ ಎಂದು ತೋರಿಸುವ ಜಾಗಕ್ಕೆ ಬನ್ನಿ. ಉತ್ತರಕ್ಕೆ ಮುಖ ಮಾಡಿ, ಸ್ವಲ್ಪ ಎಡಕ್ಕೆ ವಾಲಿ. ಕಟ್ಟಡಗಳ ಆಚೆ ಗಣೇಶಖಿಂಡಿಯ ಗುಡ್ಡಸಾಲು, ಅದರಾಚೆಯ ತಗ್ಗೇ ಖಡಕಿ. ಇಲ್ಲಿ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲಿ. ಅಷ್ಟು ದೂರದಿಂದ ಒಬ್ಬ ದೊರೆಗೆ ಏನು ಕಂಡೀತು? ಧೂಳು, ಹೊಗೆ, ಒಮ್ಮೊಮ್ಮೆ ತೋಪಿನ ಸದ್ದು. ಆಜ್ಞೆ ಬದಲಿಸಬೇಕೆಂದರೂ ಸವಾರ ಓಡಿಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿಯ ಕತೆಯೇ ಬೇರೆಯಾಗಿರುತ್ತದೆ.

ಎತ್ತರದಲ್ಲಿ ನಿಂತವನ ಪಾಡು ಇದೊಂದೇ ಅಲ್ಲ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್ ಗುಡ್ಡದ ಮೇಲಿದ್ದ. ರಷ್ಯನ್ನರು ಹಿಡಿದ ತೋಪುಗಳನ್ನು ಎಳೆದೊಯ್ಯುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ತಡೆಯಿರಿ ಎಂದು ಚೀಟಿ ಕಳಿಸಿದ. ಕಣಿವೆಯಲ್ಲಿದ್ದ ಸವಾರರ ನಾಯಕ ಲಾರ್ಡ್ ಲೂಕನ್‌ಗೆ ಆ ತೋಪುಗಳು ಕಾಣುತ್ತಲೇ ಇರಲಿಲ್ಲ. ಯಾವ ತೋಪು ಎಂದು ಕೇಳಿದ್ದಕ್ಕೆ ಚೀಟಿ ತಂದ ಕ್ಯಾಪ್ಟನ್ ನೋಲನ್ ಕೈ ಬೀಸಿ ಕಣಿವೆಯ ಕಡೆ ತೋರಿಸಿದನಂತೆ. ಆ ಕಡೆಗೆ ಸುಮಾರು 670 ಸವಾರರು ಮೂರು ದಿಕ್ಕಿನ ತೋಪಿನ ಬಾಯಿಗೆ ನುಗ್ಗಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಇಂಗ್ಲೆಂಡಿನವರು ಈ ಕತೆಯನ್ನು ಶೌರ್ಯವೆಂದು ಹಾಡುತ್ತಾರೆ. ನನಗೆ ಮಾತ್ರ ಅದು ಮೋಜಣಿಯ ತಪ್ಪಾಗಿ ಕಾಣುತ್ತದೆ: ಮೇಲಿನವನ ನಕಾಶೆಯೇ ಬೇರೆ, ಕೆಳಗಿನವನ ನಕಾಶೆಯೇ ಬೇರೆ.

ಪರ್ವತಿಯಿಂದ ಇಳಿದು ತಿಂಡಿ ಮುಗಿಸಿ ಸಂಗಮಕ್ಕೆ ಹೋಗಿ. ಮುಳಾ, ಮುಠಾ ಕೂಡುವ ಜಾಗ. ಬ್ರಿಟಿಷ್ ರೆಸಿಡೆಂಟ್, ಅಂದರೆ ಪೇಶ್ವೆಯ ದರಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ, ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಇದ್ದದ್ದು ಇಲ್ಲಿ. ನವೆಂಬರ್ 5ರ ಮಧ್ಯಾಹ್ನ ಅವನು ಮನೆ ಬಿಟ್ಟು, ಹೊಳೆ ದಾಟಿ, ನೀರನ್ನು ತನಗೂ ಪೇಶ್ವೆಯ ಸವಾರರಿಗೂ ನಡುವೆ ಇಟ್ಟುಕೊಂಡೇ ದಂಡೆ ಹಿಡಿದು ಖಡಕಿಯ ಸೇತುವೆಯ ಕಡೆಗೆ ನಡೆದ. ಹಿಂದೆ ಮನೆಗೆ ಬೆಂಕಿ ಬಿತ್ತು, ಅವನ ಪುಸ್ತಕಗಳೂ ಕಾಗದಪತ್ರಗಳೂ ಬೂದಿಯಾದವು. ಇಲ್ಲಿನ ಸೇತುವೆಯ ಹಳೆಯ ಹೆಸರು ವೆಲ್ಲೆಸ್ಲಿ ಸೇತುವೆ. ಆ ಹೆಸರಿನವನು ನಮಗೆ ಹೊಸಬನಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಶ್ರೀರಂಗಪಟ್ಟಣಕ್ಕೆ ಹೋಗಬೇಕು, ಮನಸ್ಸಿನಲ್ಲಿ ಮಾತ್ರ. ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ದೊರೆಯಾಗಿ 1815ರಲ್ಲಿ ವಾಟರ್‌ಲೂ ಗೆದ್ದ. ಅದಕ್ಕೆ ಹದಿನಾರು ವರ್ಷ ಮೊದಲು, 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲೆಗೆ ಸಿಕ್ಕಿ ಕಂಗಾಲಾಗಿದ್ದ. ಕನ್ನಡದಲ್ಲಿ ಮರದ ಗುಂಪೂ ತೋಪು, ಗುಂಡು ಹಾರಿಸುವುದೂ ತೋಪು. ಅವತ್ತು ಅವನನ್ನು ಕಾಡಿದ್ದು ಮರದ ತೋಪು. ಒಳಗೆ ನೀರಿನ ಕಾಲುವೆಗಳು, ದಟ್ಟ ಮರ, ಟಿಪ್ಪುವಿನ ಸೈನಿಕರು. ಹಿಡಿಬಿದ್ದ ಹನ್ನೆರಡು ಮಂದಿ ಬದುಕಿ ಬರಲಿಲ್ಲ. ಮರುದಿನ ಬೆಳಕಿನಲ್ಲಿ ಅದೇ ತೋಪು ಅವನ ಕೈಗೆ ಸಿಕ್ಕಿತು. ಹಗಲಿನಲ್ಲಿ ನೋಡಿರದ ಗಟ್ಟಿ ನೆಲೆಯ ಮೇಲೆ ರಾತ್ರಿ ದಾಳಿಗೆ ಇನ್ನೆಂದೂ ಒಪ್ಪುವುದಿಲ್ಲ ಎಂದು ಅಣ್ಣನಿಗೆ ಬರೆದ. ಕಾವೇರಿಯ ಕಾಲುವೆ ಕಲಿಸಿದ ಈ ಪಾಠ ಅವನಿಗೆ 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಒದಗಿತು. ಹೊಳೆ ದಾಟಲು ಜಾಗ ಇಲ್ಲ ಎಂದು ದಾರಿ ತೋರುವವರೆಲ್ಲ ಹೇಳಿದರು. ಎರಡು ಹಳ್ಳಿಗಳು ಹೊಳೆಯ ಎರಡು ದಡದಲ್ಲಿ ಎದುರುಬದುರು ಇರುವುದನ್ನು ಅವನು ಗಮನಿಸಿದ. ಎದುರುಬದುರು ಊರುಗಳಿದ್ದ ಮೇಲೆ ಜನ ದಾಟದೆ ಇರುತ್ತಾರೆಯೇ? ಹುಡುಕಿಸಿದ, ದಾಟುವ ಜಾಗ ಸಿಕ್ಕಿತು. ನನ್ನ ಇಡೀ ಸೇವಾವಧಿಯಲ್ಲಿ ಇಷ್ಟು ಚೆಂದದ ಮೋಜಣಿ ನಾನು ಮಾಡಿಲ್ಲ. ನೀವು ಯಾವ ಯುದ್ಧಭೂಮಿಗೆ ಹೋದರೂ ಮೊದಲು ಇದನ್ನೇ ಮಾಡಿ: ನೀರು ಎಲ್ಲಿ, ಜನ ಅದನ್ನು ಎಲ್ಲಿ ದಾಟುತ್ತಾರೆ ನೋಡಿ.

ಅಸ್ಸಾಯೆಯಲ್ಲಿ ವೆಲ್ಲೆಸ್ಲಿಯ ಪಕ್ಕದಲ್ಲಿ ಕುದುರೆ ಏರಿದ್ದ ತರುಣರಲ್ಲಿ ಇದೇ ಎಲ್ಫಿನ್‌ಸ್ಟನ್ ಒಬ್ಬ. ಅದೇ ವರ್ಷ ಆಗಸ್ಟ್‌ನಲ್ಲಿ ವೆಲ್ಲೆಸ್ಲಿ ಅಹ್ಮದ್‌ನಗರದ ಪೇಟೆಯ ಗೋಡೆಗೆ ಏಣಿ ಹಾಕಿದಾಗ ಪೇಶ್ವೆಯ ಕಡೆಯಿಂದ ಅವನ ದಂಡಿನಲ್ಲಿದ್ದವನು ಬಾಪು ಗೋಖಲೆ. ಇಂಗ್ಲಿಷರು ವಿಚಿತ್ರ ಜನ, ಬೆಳಿಗ್ಗೆ ಬಂದು ಗೋಡೆ ನೋಡಿದರು, ಹತ್ತಿ ಇಳಿದರು, ಕಾವಲಿನವರನ್ನೆಲ್ಲ ಕೊಂದು ತಿಂಡಿಗೆ ಹಿಂದಿರುಗಿದರು ಎಂದು ಬರೆದ ಮಾತು ಅವನ ಹೆಸರಿನಲ್ಲಿದೆ. ಅದಕ್ಕೂ ಮೊದಲು, 1800ರಲ್ಲಿ, ನಮ್ಮ ಕಿತ್ತೂರಿನ ಕಡೆ ಧೋಂಡಿಯಾ ವಾಘ ಎಂಬ ಬಂಡುಕೋರನ ಜೊತೆಗಿನ ಕಾಳಗದಲ್ಲಿ ಬಾಪುವಿನ ಚಿಕ್ಕಪ್ಪ ಧೋಂಡೋಪಂತ ಗೋಖಲೆ ಸತ್ತಿದ್ದ. ಆ ಧೋಂಡಿಯಾನನ್ನು ಬೆನ್ನಟ್ಟಿ ಮುಗಿಸಿದವನೂ ವೆಲ್ಲೆಸ್ಲಿಯೇ. ಹೀಗೆ ಒಂದು ಕಾಲಕ್ಕೆ ಒಂದೇ ದಂಡಿನ ಬೆಂಕಿ ಕಾಯಿಸಿಕೊಂಡವರು 1817ರಲ್ಲಿ ಖಡಕಿಯ ಬಯಲಿನಲ್ಲಿ ಎದುರುಬದುರು ನಿಂತರು. ಎಲ್ಫಿನ್‌ಸ್ಟನ್ ಆ ಕಡೆ, ಪೇಶ್ವೆಯ ಸೇನಾಪತಿಯಾಗಿ ಬಾಪು ಗೋಖಲೆ ಈ ಕಡೆ.

ಖಡಕಿಗೆ ಸಂಜೆ ನಾಲ್ಕಕ್ಕೆ ಮುಟ್ಟಿ. ಯುದ್ಧ ಶುರುವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಕತ್ತಲಾಗುವಷ್ಟರಲ್ಲಿ ಮುಗಿದಿತ್ತು. ನವೆಂಬರ್ ಎಂದದ್ದು ಇದಕ್ಕೆ: ಬೆಳಕು ಎಷ್ಟು ಬೇಗ ಇಳಿಯುತ್ತದೆಂದು ನಿಮ್ಮ ಕಣ್ಣಿಗೇ ಗೊತ್ತಾಗುತ್ತದೆ. ರೈಲು ನಿಲ್ದಾಣದ ಮೇಲ್ಸೇತುವೆಯಿಂದ ಗಣೇಶಖಿಂಡಿಯ ಕಡೆ ನೋಡಿ. ಈಗ ವಿಶ್ವವಿದ್ಯಾಲಯದ ಗೋಪುರ ಇರುವ ದಿಕ್ಕಿನಿಂದ ಮರಾಠಾ ಸೈನ್ಯ ಇಳಿದು ಬಂತು. ಅಲ್ಲಿದ್ದ ಗ್ರಾಂಟ್ ಡಫ್ ಎಂಬ ಅಧಿಕಾರಿ, ಮುಂದೆ ಮರಾಠರ ಇತಿಹಾಸ ಬರೆದವನು, ಆ ಬರುವಿಕೆಯನ್ನು ಖಂಭಾತ ಕೊಲ್ಲಿಯಲ್ಲಿ ಮೊರೆಯುತ್ತ ಏರುವ ಉಬ್ಬರಕ್ಕೆ ಹೋಲಿಸುತ್ತಾನೆ. ಬೇಲಿಗಳೂ ನಿಂತ ಪೈರೂ ಅದರಡಿ ನೆಲಸಮವಾದವು, ಎತ್ತುಗಳು ನೊಗ ಹರಿದುಕೊಂಡು ಓಡಿದವು. ನವೆಂಬರಿನ ಹೊಲ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬ ಸೈನಿಕನ ಕಣ್ಣು ಆ ಗದ್ದಲದಲ್ಲಿ ಎತ್ತಿನ ಮೇಲೆ ಬಿತ್ತಲ್ಲ, ಅದಕ್ಕಾಗಿ ಆ ಬರಹಗಾರನ ಮೇಲೆ ನನಗೆ ಗೌರವ.

ಈಗ ನಿನ್ನೆಯ ಬೇಳೆಕಾಳು ನೆನೆಯಿರಿ. ಅವರಲ್ಲಿ ಎರಡು ಸಾವಿರ ಜನ ಎರಡು ಸಾಲಾಗಿ, ಒಬ್ಬೊಬ್ಬನಿಗೆ ಎರಡು ಅಡಿಗಿಂತ ಸ್ವಲ್ಪ ಕಡಿಮೆ ಜಾಗ ಹಿಡಿದು ನಿಂತರೆ ಸಾಲಿನ ಉದ್ದ ಅರ್ಧ ಕಿಲೋಮೀಟರಿನ ಮೇಲೆ ಚೂರು. ಮೇಲ್ಸೇತುವೆಯಿಂದ ಅಷ್ಟು ದೂರವನ್ನು ಕಣ್ಣಿನಿಂದ ಅಳೆಯಿರಿ. ಅದರ ಒಂದು ಭಾಗ ದ ಪಿಂಟೋನ ಪಡೆಯನ್ನು ಅಟ್ಟುವ ಉತ್ಸಾಹದಲ್ಲಿ ಸಾಲು ಮುರಿದು ಮುಂದೆ ಹೋಯಿತು. ಆ ಬಿರುಕಿನ ಮೇಲೆ ಗೋಖಲೆ ಸುಮಾರು ಆರು ಸಾವಿರ ಸವಾರರನ್ನು ಬಿಟ್ಟ. ಲೆಕ್ಕಕ್ಕೆ ಸರಿಯಾದ ಏಟು. ಆದರೆ ಆ ಸಾಲಿನ ಎದುರಿಗೆ ಆಳವಾದ ಕೆಸರು ಇತ್ತು, ಸವಾರರಿಗೆ ಅದು ಕಾಣಲಿಲ್ಲ. ಮುಂದಿನ ಕುದುರೆಗಳು ಹೂತವು, ಹಿಂದಿನವು ಅವುಗಳ ಮೇಲೆ ಬಿದ್ದವು. ಇಪ್ಪತ್ತು ಸೆಕೆಂಡು ಬೇಕಿದ್ದವರಿಗೆ ನಿಮಿಷಗಳೇ ಸಿಕ್ಕವು. ಗುಂಡಿನ ಸಾಲು ಅಲ್ಲಿಂದ ಶುರು. ಕಂಪನಿಯ ಕಡೆ ಸತ್ತವರು 19, ಗಾಯಗೊಂಡವರು 67. ಮರಾಠರ ಕಡೆ ಸತ್ತವರು, ಗಾಯಗೊಂಡವರು ಸೇರಿ ಐನೂರರಷ್ಟು.

ನಮ್ಮ ದಾಪೋಡಿಯವರ ಪಾತ್ರವನ್ನೂ ಹೇಳಿಬಿಡುತ್ತೇನೆ. ಕ್ಯಾಪ್ಟನ್ ಫೋರ್ಡ್ ಎಂಬುವವನ ಪಡೆ ದಾಪೋಡಿಯಲ್ಲಿತ್ತು, ಯುದ್ಧ ನಡೆಯುತ್ತಿರುವಾಗ ಬಂದು ಸೇರಿಕೊಂಡಿತು. ಪೇಶ್ವೆಯ ಜರಿಪಟಕಾ ಧ್ವಜದ ಜೊತೆಯಲ್ಲಿದ್ದ ಮೋರೋ ದೀಕ್ಷಿತನಿಗೂ ಫೋರ್ಡನಿಗೂ ಗಾಢ ಸ್ನೇಹ. ದೀಕ್ಷಿತ ಸತ್ತದ್ದು ಫೋರ್ಡನ ಪಡೆಯ ತೋಪಿನ ಏಟಿಗೆ. ನನ್ನ ಮನೆಯಿಂದ ಈ ಬಯಲಿಗೆ ನಡೆದು ಬರುವಷ್ಟೇ ದೂರ. ಪ್ರತಿ ಸಲ ನಡೆಯುವಾಗಲೂ ಈ ಇಬ್ಬರು ನೆನಪಾಗುತ್ತಾರೆ.

ಕೆಸರಿನ ವಿಷಯಕ್ಕೆ ಇನ್ನೊಂದು ಮಾತು. ಅದನ್ನು ಅದೃಷ್ಟ ಎಂದು ತಳ್ಳಿಹಾಕುವವರು ಇದ್ದಾರೆ. 1415ರಲ್ಲಿ ಫ್ರಾನ್ಸಿನ ಅಜಿನ್‌ಕೋರ್ಟಿನಲ್ಲಿ, ಮಳೆ ಬಿದ್ದ ಉತ್ತ ಹೊಲದಲ್ಲಿ, ಕಬ್ಬಿಣದ ಕವಚ ತೊಟ್ಟ ಫ್ರೆಂಚ್ ಸರದಾರರು ಹೂತು ನಿಂತಾಗ ಇಂಗ್ಲಿಷ್ ಬಿಲ್ಲುಗಾರರು ಗೆದ್ದರು. 1917ರಲ್ಲಿ ಬೆಲ್ಜಿಯಂನ ಪಾಶೆಂಡೇಲ್‌ನಲ್ಲಿ ಅದೇ ಕೆಸರು ಬ್ರಿಟಿಷರ ಕಡೆಯವರನ್ನೇ ನುಂಗಿತು. ತಿಂಗಳುಗಟ್ಟಲೆ ತೋಪು ಹಾರಿಸಿ ನೀರಿನ ಕಾಲುವೆಗಳನ್ನೆಲ್ಲ ಒಡೆದ ಮೇಲೆ ಮಳೆ ಹಿಡಿದರೆ ಇನ್ನೇನಾದೀತು? ಕೆನಡಾದ ಸೈನಿಕರು ಆ ಹಳ್ಳಿಯನ್ನು ಹಿಡಿದದ್ದು ನವೆಂಬರ್ 6ರಂದು, ಖಡಕಿಯ ಕೆಸರಿಗೆ ನೂರು ವರ್ಷ ತುಂಬಿದ ಮರುದಿನ. ಎರೆ ಹೊಲದಲ್ಲಿ ಮಳೆಗಾಲಕ್ಕೆ ಚಪ್ಪಲಿ ಕಳೆದುಕೊಂಡ ಯಾವ ಹುಡುಗನಾದರೂ ಈ ಮೂರು ಯುದ್ಧಗಳನ್ನು ಒಂದೇ ಉಸಿರಿನಲ್ಲಿ ಅರ್ಥ ಮಾಡಿಕೊಂಡಾನು.

ಇಲ್ಲೊಂದು ಎಚ್ಚರಿಕೆ. ಇದು ದಂಡಿನ ಪ್ರದೇಶ. ಟೇಪು ಹಿಡಿದು ರಸ್ತೆ ಅಳೆಯಲು ಹೋಗಿ ಒಮ್ಮೆ ಕಾವಲಿನವರ ಎದುರು ಮುಕ್ಕಾಲು ಗಂಟೆ ನಿಂತು ನನ್ನ ಪಿಂಚಣಿಯ ಕಾಗದ ತೋರಿಸಬೇಕಾಯಿತು. ಹೆಜ್ಜೆ ಎಣಿಸಿ ಸಾಕು. ಫಲಕ ಇದ್ದ ಕಡೆ ಫೋಟೊ ತೆಗೆಯಬೇಡಿ.

ಮುಳಾ ರಸ್ತೆಯ ಯುದ್ಧ ಸ್ಮಶಾನಕ್ಕೆ ಇನ್ನೊಂದು ದಿನ ಬೆಳಿಗ್ಗೆ ಹೋಗಿ. ಕಲ್ಲು ಓದುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡನೆಯ ಮಹಾಯುದ್ಧದ 1,668 ಸಮಾಧಿಗಳು ಅಲ್ಲಿವೆ. ಆದರೆ ಇವರೆಲ್ಲ ಪುಣೆಯಲ್ಲಿ ಸತ್ತವರೆಂದು ತಿಳಿಯಬೇಡಿ. ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಚದುರಿಹೋಗಿದ್ದ, ನೋಡಿಕೊಳ್ಳುವವರಿಲ್ಲದ ಸಮಾಧಿಗಳನ್ನು ಒಟ್ಟುಗೂಡಿಸಲು ಮಾಡಿದ ಜಾಗ ಅದು. ಮುಂಬಯಿಯ ಶಿವಡಿಯಿಂದಲೂ ಮೊದಲ ಮಹಾಯುದ್ಧದ 629 ಸಮಾಧಿಗಳು ಇಲ್ಲಿಗೆ ಬಂದವು. ಕಲ್ಲಿನ ಮೇಲೆ ಪಡೆಯ ಲಾಂಛನ, ಸಂಖ್ಯೆ, ಹುದ್ದೆ, ಹೆಸರು, ತಾರೀಕು, ವಯಸ್ಸು, ಕೆಳಗೆ ಮನೆಯವರು ಬರೆಸಿದ ಸಾಲು. ಮೊದಲು ವಯಸ್ಸು ಓದಿ, ಆಮೇಲೆ ಆ ಕೊನೆಯ ಸಾಲು. ಅಧಿಕಾರಿಯ ಕಲ್ಲಿಗೂ ಸಿಪಾಯಿಯ ಕಲ್ಲಿಗೂ ಅಳತೆಯಲ್ಲಿ ವ್ಯತ್ಯಾಸವಿಲ್ಲ. 1917ರಲ್ಲಿ ಫೇಬಿಯನ್ ವೇರ್ ಎಂಬುವವನು ಹಟ ಹಿಡಿದು ಕಟ್ಟಿದ ಯುದ್ಧ ಸಮಾಧಿಗಳ ಆಯೋಗದ ನಿಯಮ ಅದು. ಹುಬ್ಬಳ್ಳಿಯ ಹುಡುಗ ಒಂದು ಸಾಲು ಪೂರ್ತಿ ವಯಸ್ಸು ಓದಿ ಬಂದು, ‘ಅಜ್ಜಾ, ಇವರೆಲ್ಲ ನಮ್ಮ ಕಾಲೇಜಿನವರ ವಯಸ್ಸಿನವರು’ ಎಂದು ನೀರು ಕೇಳಿದ. ಹೂಳದೆ ಸುಟ್ಟವರಿಗೆ ಸಮಾಧಿ ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಸಮಾಧಿ ಎಣಿಸಿ ಸೈನ್ಯದ ಲೆಕ್ಕ ಹಾಕಿದರೆ ನಮ್ಮವರು ಲೆಕ್ಕಕ್ಕೇ ಸಿಗುವುದಿಲ್ಲ.

ಉತ್ಸಾಹ ಉಳಿದಿದ್ದರೆ ಕೋರೆಗಾಂವ್ ಭೀಮಾ. ಪುಣೆಯಿಂದ ಸುಮಾರು ಮೂವತ್ತು ಕಿಲೋಮೀಟರ್, ಅಹ್ಮದ್‌ನಗರದ ಕಡೆಯ ರಸ್ತೆಯಲ್ಲಿ. 1818ರ ಜನವರಿ 1ರಂದು ಕ್ಯಾಪ್ಟನ್ ಸ್ಟಾಂಟನ್‌ನ ಎಂಟು ನೂರು ಚಿಲ್ಲರೆ ಜನ ರಾತ್ರಿಯಿಡೀ ಶಿರೂರಿನಿಂದ ನಡೆದು ಬಂದು ಪೇಶ್ವೆಯ ದಂಡಿನ ಎದುರು ಈ ಹಳ್ಳಿಯೊಳಗೆ ನಿಂತರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275. ಇಲ್ಲಿಯೂ ಮೊದಲು ನದಿ ನೋಡಿ: ಭೀಮೆ ಪಕ್ಕದಲ್ಲೇ ಹರಿಯುತ್ತಿದ್ದರೂ ರಾತ್ರಿಯವರೆಗೆ ಅವರಿಗೆ ಕುಡಿಯಲು ಹನಿ ನೀರು ಸಿಗಲಿಲ್ಲ. ಆಮೇಲೆ ಕಂಬ ಓದಿ. ಪೂರ್ವದೇಶದಲ್ಲಿ ಬ್ರಿಟಿಷ್ ಸೈನ್ಯದ ಹೆಮ್ಮೆಯ ಗೆಲುವುಗಳಲ್ಲಿ ಒಂದು ಎಂದು ಅದು ಹೇಳುತ್ತದೆ. ಗೆದ್ದ ಸ್ಟಾಂಟನ್ ಮುಂದೆ ಪುಣೆಗೆ ಹೋಗದೆ ಬಂದ ದಾರಿಯಲ್ಲೇ ಶಿರೂರಿಗೆ ಮರಳಿದ ಎಂಬುದನ್ನು ಹೇಳುವುದಿಲ್ಲ. ಕೆತ್ತಿದ ಹೆಸರುಗಳಲ್ಲಿ ‘ನಾಕ’ ಎಂದು ಕೊನೆಯಾಗುವವನ್ನು ಎಣಿಸಿ. ಅವು ಮಹಾರರ ಹೆಸರುಗಳು, ಆಗ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಜಾತಿಯವರದು. ಮಡಿದ 49 ಜನರಲ್ಲಿ 22 ಮಂದಿ ಮಹಾರರು. ಕಂಬವನ್ನು ನಿಲ್ಲಿಸಿದ ಕಂಪನಿಗೆ ಅದು ತನ್ನ ಗೆಲುವಿನ ಗುರುತು. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿ ಬಂದು ನಿಂತ ಮೇಲೆ ಅದೇ ಕಲ್ಲಿಗೆ ಬೇರೆಯೇ ಅರ್ಥ ಬಂತು. ಜನವರಿ 1ರಂದು ಲಕ್ಷಗಟ್ಟಲೆ ಜನ ನಮಸ್ಕರಿಸಲು ಬರುತ್ತಾರೆ. ನದಿಯ ಅಗಲ ಅಳೆಯುವ ಆಸೆ ಇದ್ದವರು ಆ ದಿನ ಬಿಟ್ಟು ಬೇರೆ ದಿನ ಹೋಗಿ.

ಮತ್ತೆ, ರಿಕ್ಷಾ ಹತ್ತುವವರು ಚಾಲಕನಿಗೆ ‘ಭೀಮಾ’ ಎಂದು ಎರಡು ಸಲ ಹೇಳಿ. ಬರೀ ಕೋರೆಗಾಂವ್ ಎಂದು ಕೂತ ನನ್ನ ಧಾರವಾಡದ ಭಾವ ಕೋರೆಗಾಂವ್ ಪಾರ್ಕಿನ ಒಂದು ಕಾಫಿ ಅಂಗಡಿಯ ಮುಂದೆ ಇಳಿದು, ಇಲ್ಲಿ ಕಂಬ ಎಲ್ಲಿ ಎಂದು ನನಗೆ ಫೋನ್ ಮಾಡಿದ್ದರು. ನಾನು ಆಗ ಕಂಬದ ಬುಡದಲ್ಲಿ ಚಟ್ನಿಪುಡಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆ.